ಖಾಲಿ ಜಾಗ ಮತ್ತು ಮರಳಿ ಬರುವ ಆಟಗಾರ: ಕರ್ನಾಟಕದ ಕೆಲವು ಕಮ್‌ಬ್ಯಾಕ್‌ಗಳ ಪರಿಶೀಲನೆ

2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಮಾಲ್ಡೀವ್ಸನ್ನು 3–0ರಿಂದ ಸೋಲಿಸಿತು. ಮೂರನೆಯ ಗೋಲು ಹೊಡೆದವರು ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ. ಆಗ ಅವರಿಗೆ 40 ವರ್ಷ. ಹಿಂದಿನ ವರ್ಷ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಗೋಲಿಲ್ಲದೆ ಮುಗಿದ ಪಂದ್ಯವನ್ನಾಡಿ, 151 ಪಂದ್ಯ, 94 ಗೋಲುಗಳ ಲೆಕ್ಕದೊಂದಿಗೆ ಅವರು ದೇಶದ ತಂಡಕ್ಕೆ ವಿದಾಯ ಹೇಳಿದ್ದರು. ಮರಳಿ ಬಂದಾಗ ಪತ್ರಿಕೆಗಳು ಅವರ ಊಟದ ಶಿಸ್ತು, ನಿದ್ದೆಯ ಶಿಸ್ತು, ಛಲ ಇವುಗಳ ಬಗ್ಗೆ ಪುಟಗಟ್ಟಲೆ ಬರೆದವು. ಅದ್ಯಾವುದೂ ಸುಳ್ಳಲ್ಲ. ಆದರೆ ವಯಸ್ಸು ಮೀರಿದ ಅಥವಾ ಗಾಯದಿಂದ ನಲುಗಿದ ಆಟಗಾರನೊಬ್ಬ ಮರಳಿ ಅಂಗಳಕ್ಕಿಳಿಯುವುದನ್ನು ಛಲದ ಕಥೆಯಾಗಿ ಮಾತ್ರ ಓದಿದರೆ ಎರಡು ಸಂಗತಿಗಳು ಕಣ್ಣು ತಪ್ಪುತ್ತವೆ. ಅವನು ಬಿಟ್ಟುಹೋದ ಜಾಗ ಖಾಲಿ ಉಳಿದಿತ್ತೇ ಎಂಬುದು ಒಂದು. ದಣಿದ ದೇಹಕ್ಕೆ ಆಯಾ ಆಟದ ನಿಯಮ ಎಷ್ಟು ಅವಕಾಶ ಕೊಡುತ್ತದೆ ಎಂಬುದು ಇನ್ನೊಂದು. ಕರ್ನಾಟಕದ ಆಟಗಾರರ ಕೆಲವು ಪ್ರಕರಣಗಳನ್ನು ಈ ಎರಡು ಪ್ರಶ್ನೆಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚೆಟ್ರಿಯವರದು ಗಾಯದ ಪ್ರಕರಣವಲ್ಲ, ವಯಸ್ಸಿನದು. ದೇಹದ ಪೆಟ್ಟಿಗೂ ತಂಡದ ಜಾಗಕ್ಕೂ ಇರುವ ನಂಟು ಹೆಚ್ಚು ಸ್ಪಷ್ಟವಾಗಿ ಕಾಣುವುದು ಮೈಸೂರಿನ ಜಾವಗಲ್ ಶ್ರೀನಾಥ್ ಅವರ ವೃತ್ತಿಜೀವನದಲ್ಲಿ. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಪದಾರ್ಪಣೆ ಮಾಡಿದ ಅವರು ಸ್ವದೇಶದಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರ್‌ನಲ್ಲಿ, ಮುಂಬೈಯಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಡುವಿನ ಮೂರು ವರ್ಷ ಭಾರತದ ನೆಲದಲ್ಲಿ ಸ್ಪಿನ್ನರ್‌ಗಳದೇ ರಾಜ್ಯಭಾರ. ವೇಗಿಗಳಿಗೆ ಉಳಿಯುತ್ತಿದ್ದ ಒಂದೆರಡು ಜಾಗಗಳಲ್ಲಿ ಒಂದು ಕಪಿಲ್ ದೇವ್ ಅವರದು, ಅವರು ವಿಶ್ವದಾಖಲೆಯ ಬೆನ್ನು ಹತ್ತಿದ್ದರು. ಭಾರತದ ಅತಿ ವೇಗದ ಬೌಲರ್ ಎನಿಸಿಕೊಂಡವನು ತನ್ನ ಅತ್ಯುತ್ತಮ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತ. ಜಾಗ ಸಿಕ್ಕ ಮೇಲೆ ಕಥೆ ತಿರುಗಿತು: ಈಗ ಎಲ್ಲ ಹೊರೆಯೂ ಅವರ ಹೆಗಲಿಗೇ.

ಆ ಹೆಗಲೇ 1997ರಲ್ಲಿ ಕೈಕೊಟ್ಟಿತು: ಪೆಟ್ಟಾದದ್ದು ಅದರ ರೊಟೇಟರ್ ಕಫ್‌ಗೆ. ರೊಟೇಟರ್ ಕಫ್ ಎನ್ನುವುದು ತೋಳಿನ ಮೂಳೆಯ ಗುಂಡು ತಲೆಯನ್ನು ಭುಜದ ಗೂಡಿನಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ಮತ್ತು ಅವುಗಳ ತಂತುಗಳ ಗುಂಪು. ವೇಗದ ಬೌಲರ್‌ನ ತೋಳು ಚೆಂಡು ಬಿಟ್ಟ ಮೇಲೂ ಅದೇ ರಭಸದಲ್ಲಿ ಮುಂದಕ್ಕೆ ಹೋಗುತ್ತದೆ. ಅದಕ್ಕೆ ಬ್ರೇಕ್ ಹಾಕುವ ಕೆಲಸದ ದೊಡ್ಡ ಪಾಲು ಈ ಸಣ್ಣ ಸ್ನಾಯುಗಳದು. ನೋಡುವವರ ಕಣ್ಣು ಚೆಂಡಿನ ಹಿಂದೆ ಹೋಗಿರುವುದರಿಂದ ಭುಜ ಸವೆಯುವ ಆ ಗಳಿಗೆಯನ್ನು ಯಾರೂ ಗಮನಿಸುವುದಿಲ್ಲ. ಶ್ರೀನಾಥ್ ವೆಸ್ಟ್ ಇಂಡೀಸ್ ಸರಣಿಯನ್ನು ಕಳೆದುಕೊಂಡರು, ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು, ವರ್ಷದ ಕೊನೆಗೆ ಮರಳಿದರು. ಮರಳಿದ ಶ್ರೀನಾಥ್ ಕುಗ್ಗಿದ ಬೌಲರ್ ಎಂಬ ಮಾತಿದೆ, ಅದನ್ನು ಪೂರ್ತಿ ಒಪ್ಪಲಾಗದು. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ 132 ರನ್‌ಗಳಿಗೆ 13 ವಿಕೆಟ್ ಕಿತ್ತದ್ದು ಶಸ್ತ್ರಚಿಕಿತ್ಸೆ ಕಂಡ ಅದೇ ಭುಜ. ಪಂದ್ಯವನ್ನು ಭಾರತ ಸೋತಿತು ಎಂಬುದು ಬೇರೆ ಮಾತು.

ಅವರ ನಿಜವಾದ ತಡವಾದ ಮರಳುವಿಕೆ ನಡೆದದ್ದು 2002ರಲ್ಲಿ. ವೆಸ್ಟ್ ಇಂಡೀಸ್ ಪ್ರವಾಸದ ನಂತರ ಅವರು ಟೆಸ್ಟ್ ಕ್ರಿಕೆಟ್ ಸಾಕೆಂದರು. ಆ ಬೇಸಿಗೆಯಲ್ಲಿ ಲೀಸ್ಟರ್‌ಶೈರ್ ಪರ ಕೌಂಟಿ ಆಡಿದರು. ನಾಯಕ ಸೌರವ್ ಗಂಗೂಲಿ ಮನವೊಲಿಸಿ ಮತ್ತೆ ಕರೆತಂದರು. ಈ ಮನವೊಲಿಕೆಯನ್ನು ಗೆಳೆತನದ ಪ್ರಸಂಗವಾಗಿ ಹೇಳುವುದು ರೂಢಿ. ಆದರೆ ಗಂಗೂಲಿಯ ಕೈಯಲ್ಲಿ ಇದ್ದದ್ದೇನು? ಜಹೀರ್ ಖಾನ್, ಆಶಿಶ್ ನೆಹ್ರಾ ಇಬ್ಬರೂ ಇನ್ನೂ ಹುಡುಗರು, ಇಬ್ಬರೂ ಎಡಗೈ ಬೌಲರ್‌ಗಳು. ಅವರ ನಡುವೆ ನಿಂತು ಬಲಗೈಯಲ್ಲಿ ಉದ್ದದ ಸ್ಪೆಲ್ ಮಾಡಬಲ್ಲ ಹಿರಿಯ ಇನ್ನೊಬ್ಬ ಇರಲಿಲ್ಲ. 33ರ ಶ್ರೀನಾಥ್ 2003ರ ವಿಶ್ವಕಪ್‌ನಲ್ಲಿ 16 ವಿಕೆಟ್ ಪಡೆದರು. ಜಹೀರ್‌ಗೆ 18, ನೆಹ್ರಾಗೆ 15. ಜೊಹಾನ್ಸ್‌ಬರ್ಗ್‌ನಲ್ಲಿ ಶ್ರೀಲಂಕಾದ ಮೇಲಿನ ಸಾಲನ್ನು ಒಡೆದು 35ಕ್ಕೆ 4 ವಿಕೆಟ್ ತೆಗೆದ ಬೌಲರೇ ಅದೇ ಊರಿನ ಫೈನಲ್‌ನಲ್ಲಿ 10 ಓವರ್‌ಗಳಲ್ಲಿ 87 ರನ್ ಕೊಟ್ಟು ಬರಿಗೈಯಲ್ಲಿ ಹಿಂತಿರುಗಿದರು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಒಟ್ಟು ಲೆಕ್ಕ: 67 ಟೆಸ್ಟ್‌ಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದದ್ದು ಸ್ಪಿನ್ನರ್ ಅನಿಲ್ ಕುಂಬ್ಳೆ ಪ್ರಕರಣ. ಕುಂಬ್ಳೆ ಎಂದರೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಒಂದೇ: 2002ರ ಮೇ ತಿಂಗಳು, ಆಂಟಿಗುವಾ, ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬೌಲ್ ಮಾಡಿ ವೆಸ್ಟ್ ಇಂಡೀಸ್‌ನ ಲಾರಾ ವಿಕೆಟ್ ಪಡೆದದ್ದು. ಸಾಹಸ ದೊಡ್ಡದೇ. ಆದರೆ ಅವರ ವೃತ್ತಿಯ ಎರಡನೆಯ ಅರ್ಧವನ್ನು ತೆರೆದ ಘಟನೆ ಅದಲ್ಲ. ಅದಕ್ಕೂ ಮೊದಲು ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಅವರು 2001ರ ಆಸ್ಟ್ರೇಲಿಯಾ ಸರಣಿಯಿಂದ ಹೊರಗಿದ್ದರು, ಮತ್ತು ಆ ಮೂರು ಟೆಸ್ಟ್‌ಗಳಲ್ಲಿ ಹರ್ಭಜನ್ ಸಿಂಗ್ 32 ವಿಕೆಟ್ ಕಿತ್ತು ಜಾಗವನ್ನು ಭರ್ತಿ ಮಾಡಿಬಿಟ್ಟಿದ್ದರು. ಕುಂಬ್ಳೆ ಗುಣವಾಗಿ ಬಂದರು, ಆದರೆ ವಿದೇಶದಲ್ಲಿ ಒಬ್ಬನೇ ಸ್ಪಿನ್ನರ್ ಸಾಕು ಎಂದಾಗ ಹೊರಗುಳಿಯುವವರು ಎಷ್ಟೋ ಸಲ ಅವರೇ. 2003ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್ ಟೆಸ್ಟ್‌ನಲ್ಲೂ ಹರ್ಭಜನ್ ಅವರೇ ಆಡಿದರು. ಬಳಿಕ ಹರ್ಭಜನ್ ಬೆರಳಿನ ಗಾಯದಿಂದ ಹಿಂದೆ ಸರಿದಾಗ ಕುಂಬ್ಳೆಗೆ ಬಾಗಿಲು ತೆರೆಯಿತು. ಅಡಿಲೇಡ್, ಮೆಲ್ಬರ್ನ್, ಸಿಡ್ನಿಗಳ ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್; ಸಿಡ್ನಿಯ ಮೊದಲ ಇನ್ನಿಂಗ್ಸ್‌ನಲ್ಲಿ 141ಕ್ಕೆ 8. ಅದರ ನಂತರ ಅವರು 200ಕ್ಕೂ ಹೆಚ್ಚು ವಿಕೆಟ್ ಪಡೆದು, 37ನೇ ವಯಸ್ಸಿನಲ್ಲಿ ಟೆಸ್ಟ್ ನಾಯಕರಾಗಿ, 619ಕ್ಕೆ ನಿಲ್ಲಿಸಿದರು. ದವಡೆಯ ಕಥೆ ಶಾಲಾ ಮಕ್ಕಳಿಗೂ ಗೊತ್ತು. ಹರ್ಭಜನ್‌ರ ಬೆರಳಿನ ಕಥೆ ಯಾರಿಗೂ ನೆನಪಿಲ್ಲ. ಚರಿತ್ರೆಕಾರ ಎರಡನೆಯದನ್ನೇ ಮೊದಲು ಕೇಳಬೇಕು.

ಜಾಗ ಖಾಲಿ ಇಲ್ಲದಿದ್ದರೆ ಏನಾಗುತ್ತದೆ? ಕೊಡಗಿನ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ಉತ್ತರ ಕೊಡುತ್ತಾರೆ. 2007ರಿಂದ ಭಾರತಕ್ಕೆ ಆಡಿದ, ಬಲಬದಿಯಲ್ಲಿ ಬಿರುಗಾಳಿಯಂತೆ ನುಗ್ಗುತ್ತಿದ್ದ ಈ ಮುಂಪಡೆ ಆಟಗಾರ 2018ರಲ್ಲಿ ಮಂಡಿಗಾಯದಿಂದಾಗಿ ಭುವನೇಶ್ವರದ ವಿಶ್ವಕಪ್ ತಪ್ಪಿಸಿಕೊಂಡರು. ಗುಣವಾಗಿ ಬಂದರು. 2019ರ ನವೆಂಬರ್‌ನಲ್ಲಿ ರಷ್ಯಾ ವಿರುದ್ಧದ ಒಲಿಂಪಿಕ್ ಅರ್ಹತಾ ಪಂದ್ಯಗಳ ತಂಡದಲ್ಲೂ ಇದ್ದರು. ಆದರೆ ಟೋಕಿಯೊಗೆ ಹೋದವರಲ್ಲಿ ಅವರ ಹೆಸರಿರಲಿಲ್ಲ. 41 ವರ್ಷಗಳ ನಂತರ ಭಾರತಕ್ಕೆ ಹಾಕಿ ಪದಕ ಬಂದಾಗ ಅವರು ತಂಡದ ಹೊರಗಿದ್ದರು. 2021ರ ಅಕ್ಟೋಬರ್‌ನಲ್ಲಿ ನಿವೃತ್ತರಾದರು. ಅವರಿಗೆ ಛಲ ಕಡಿಮೆ ಇತ್ತೆಂದು ಯಾರೂ ಹೇಳಲಾರರು. ವಿಶ್ವಕಪ್‌ನ 18ರ ತಂಡ ಒಲಿಂಪಿಕ್ಸ್‌ನಲ್ಲಿ 16ಕ್ಕೆ ಇಳಿಯುತ್ತದೆ. ಅವರಿಲ್ಲದ ಹೊತ್ತಿನಲ್ಲಿ ದಿಲ್‌ಪ್ರೀತ್, ಗುರ್ಜಂತ್, ಶಂಶೇರ್‌ರಂಥ ಎಳೆಯರು ಬೆಳೆದು ನಿಂತಿದ್ದರು.

ಇಲ್ಲಿ ನಿಯಮದ ಪ್ರಶ್ನೆ ಬರುತ್ತದೆ. ಹಾಕಿಯಲ್ಲಿ ಬದಲಿ ಆಟಗಾರರು ಪಂದ್ಯದುದ್ದಕ್ಕೂ ಒಳಗೆ ಹೊರಗೆ ಓಡಾಡಬಹುದು. ಮೇಲ್ನೋಟಕ್ಕೆ ಇದು ವಯಸ್ಸಾದವನಿಗೆ ಅನುಕೂಲ, ವಾಸ್ತವದಲ್ಲಿ ಉಲ್ಟಾ. ಐದಾರು ನಿಮಿಷಕ್ಕೊಮ್ಮೆ ಹೊಸ ಕಾಲು ಬರುವುದರಿಂದ ಆಟದ ವೇಗ ಎಂದೂ ಇಳಿಯುವುದೇ ಇಲ್ಲ, ವೇಗವನ್ನೇ ನಂಬಿದವನ ಮಂಡಿಗೆ ಅಡಗಿಕೊಳ್ಳಲು ಜಾಗವಿಲ್ಲ. ಕ್ರಿಕೆಟ್‌ನಲ್ಲಿ ಸಾಮಾನ್ಯ ಬದಲಿ ಆಟಗಾರ ಫೀಲ್ಡಿಂಗ್ ಮಾಡಬಹುದೇ ಹೊರತು ಬೌಲಿಂಗ್ ಮಾಡುವಂತಿಲ್ಲ. ಹಾಗಾಗಿ ಶ್ರೀನಾಥ್ ಟೆಸ್ಟ್ ಬಿಟ್ಟು ಏಕದಿನದ 10 ಓವರ್‌ಗಳಿಗೆ ಸೀಮಿತವಾಗಲು ಬಯಸಿದ್ದರಲ್ಲಿ ಅರ್ಥವಿತ್ತು. ಫುಟ್‌ಬಾಲ್‌ನಲ್ಲಿ ಕೋವಿಡ್ ಕಾಲಕ್ಕೆಂದು 2020ರಲ್ಲಿ ತಂದ ಐದು ಬದಲಿಗಳ ಅವಕಾಶ 2022ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಮೂರೇ. ಈ ಎರಡು ಹೆಚ್ಚುವರಿ ಬದಲಿಗಳು ಇಳಿವಯಸ್ಸಿನ ಆಟಗಾರನಿಗೆ ಅರೆಕಾಲಿಕ ಹುದ್ದೆಯನ್ನೇ ಸೃಷ್ಟಿಸಿದವು. ಚೆಟ್ರಿ 2024–25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಎಷ್ಟೋ ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದೇ ಆಡಿದರು. 14 ಗೋಲು ಗಳಿಸಿದರು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದು ಲೀಗ್‌ನ ಅತಿ ಹಿರಿಯ ಹ್ಯಾಟ್ರಿಕ್ ವೀರರೂ ಆದರು.

ಕ್ರಿಕೆಟ್‌ನ ಇನ್ನೊಂದು ಉದಾಹರಣೆಯನ್ನೂ ಇಲ್ಲಿ ಸೇರಿಸಬಹುದು. ಅದು ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದ ವೇಗದ ಬೌಲರ್ ಆರ್. ವಿನಯ್ ಕುಮಾರ್ ಅವರದು. 2013–14, 2014–15ರಲ್ಲಿ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಅವರು. ರಾಜ್ಯ ತಂಡದಲ್ಲಿ ಎಳೆಯ ವೇಗಿಗಳು ತುಂಬಿಕೊಂಡಾಗ 2019ರಲ್ಲಿ ಪುದುಚೇರಿಗೆ ಹೋದರು. ಜಾಗ ಖಾಲಿಯಾಗುವವರೆಗೆ ಕಾಯದೆ, ಖಾಲಿ ಇರುವ ಕಡೆಗೆ ನಡೆದರು.

ಹೊರಗಿನ ಉದಾಹರಣೆಗಳೂ ಇದೇ ಕಡೆಗೆ ವಾಲುತ್ತವೆ. 2004ರಲ್ಲಿ ಫ್ರಾನ್ಸ್ ತಂಡ ಬಿಟ್ಟ ಜಿದಾನ್ ಮರುವರ್ಷ ಮರಳಿದ್ದು ಅರ್ಹತಾ ಸುತ್ತಿನಲ್ಲಿ ತಂಡ ತಡವರಿಸುತ್ತಿದ್ದಾಗ. ಬ್ರೆಜಿಲ್‌ನ ರೊನಾಲ್ಡೊ ಮಾತ್ರ ಈ ವಾದಕ್ಕೆ ತೊಡಕು. 2000ದ ಏಪ್ರಿಲ್‌ನಲ್ಲಿ ಮರಳಿ ಬಂದ ಕೆಲವೇ ನಿಮಿಷಗಳಲ್ಲಿ ಅವರ ಬಲ ಮಂಡಿ ಮತ್ತೆ ಕುಸಿಯಿತು. ಆದರೂ 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದರು. ಮುಂಪಡೆ ಆಟಗಾರರಿಗೆ ಬರವೇ ಇಲ್ಲದ ದೇಶದಲ್ಲಿ ಅವರಿಗಾಗಿ ಕಾದರು. ಆದರೆ ಆಗ ಅವರಿಗೆ 25 ವರ್ಷ. ಆ ವಯಸ್ಸಿನವನಿಗಾಗಿ ಕಾಯುತ್ತಾರೆ, 35ರವನಿಗಾಗಿ ಕಾಯುವುದಿಲ್ಲ.

ಹಾಗಾದರೆ ಚೆಟ್ರಿಯ ಜಾಗ ಏಕೆ ಖಾಲಿ ಉಳಿಯಿತು? 2024ರ ಇಡೀ ವರ್ಷ ಭಾರತ ಒಂದೂ ಪಂದ್ಯ ಗೆಲ್ಲಲಿಲ್ಲ. ಆ ಜನವರಿಯ ಏಷ್ಯನ್ ಕಪ್‌ನ ಮೂರು ಪಂದ್ಯಗಳಲ್ಲಿ ಒಂದು ಗೋಲೂ ಬರಲಿಲ್ಲ. ಆಗ ಚೆಟ್ರಿ ತಂಡದಲ್ಲೇ ಇದ್ದರು ಎಂಬುದನ್ನು ಮರೆಯಬಾರದು. ಕ್ಲಬ್‌ಗಳು ಗೋಲು ಹೊಡೆಯುವ ಕೆಲಸಕ್ಕೆ ಹೆಚ್ಚಾಗಿ ವಿದೇಶಿಯರನ್ನೇ ನೆಚ್ಚುತ್ತವೆ, ಭಾರತೀಯ ಹುಡುಗರನ್ನು ಬದಿಗೋ ಹಿಂದಕ್ಕೋ ಕಳಿಸುತ್ತವೆ. ಹೀಗೆ ಲೀಗ್ ಬರಿದು ಮಾಡಿದ ಜಾಗವನ್ನು ದೇಶದ ತಂಡ ನಲವತ್ತರ ಕಾಲುಗಳಿಂದ ತುಂಬಿಸಲು ಹೊರಟಿತು. ಮಾಲ್ಡೀವ್ಸ್ ನಂತರ ಬಾಂಗ್ಲಾದೇಶದೊಂದಿಗೆ ಗೋಲಿಲ್ಲದ ಡ್ರಾ, ಹಾಂಗ್‌ಕಾಂಗ್ ಎದುರು ಸೋಲು, ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದೆದುರು 1–2ರ ಸೋಲು. 2027ರ ಏಷ್ಯನ್ ಕಪ್ ಕೈತಪ್ಪಿತು. ಜಾಗ ಖಾಲಿ ಇದ್ದುದು ಚೆಟ್ರಿಯನ್ನು ಕರೆಸಿತು, ಆದರೆ ಅವರೊಬ್ಬರಿಂದ ಅದು ತುಂಬಲಿಲ್ಲ. 2025ರ ನವೆಂಬರ್‌ನಲ್ಲಿ ಹುಡುಕಾಟ ಇನ್ನೊಂದು ದಿಕ್ಕಿಗೆ ಹೊರಳಿತು: ಬೆಂಗಳೂರು ಎಫ್‌ಸಿಯಲ್ಲೇ ಆಡುತ್ತಿದ್ದ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಯಾನ್ ವಿಲಿಯಮ್ಸ್ ಅಲ್ಲಿನ ಪೌರತ್ವ ಬಿಟ್ಟು ಭಾರತೀಯ ಪಾಸ್‌ಪೋರ್ಟ್ ಪಡೆದು ರಾಷ್ಟ್ರೀಯ ತಂಡದ ಶಿಬಿರ ಸೇರಿದರು.