ಕುವೈತ್ 1990: ಪಾಸ್‌ಪೋರ್ಟ್ ಕೈಯಲ್ಲಿ ಇಲ್ಲದವರ ಪಾಡು

1990ರ ಆಗಸ್ಟ್ 2, ಗುರುವಾರ. ಬೆಳಗಾಗುವ ಹೊತ್ತಿಗೆ ಇರಾಕ್ ಸೇನೆ ಕುವೈತಿನೊಳಗೆ ಬಂದಾಗಿತ್ತು. ಆಗ ಅಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. ಹೋಟೆಲ್, ಅಂಗಡಿ, ಮನೆಗೆಲಸ, ಆಫೀಸು ಅಂತ ಹೋದ ನಮ್ಮ ಕರಾವಳಿಯವರೂ ಅದರಲ್ಲಿದ್ದರು.

ಆಗ ಉಡುಪಿ ಜಿಲ್ಲೆಯೇ ಇರಲಿಲ್ಲ. ಕುಂದಾಪುರ ದಕ್ಷಿಣ ಕನ್ನಡದ ತಾಲೂಕು, ಬೈಂದೂರು ಅದರೊಳಗೆ, ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿ. ಮೊಬೈಲ್ ಇಲ್ಲ, ಕುವೈತಿನ ಫೋನ್ ಲೈನ್ ಕಡಿದುಹೋಗಿತ್ತು. ಊರಲ್ಲಿದ್ದವರಿಗೆ ರೇಡಿಯೋ ಮತ್ತು ಪೇಪರೇ ಗತಿ. ಮಗ ಬದುಕಿದ್ದಾನೋ ಇಲ್ಲವೋ ಎನ್ನುವುದನ್ನು ಅವು ಹೇಳುತ್ತಿರಲಿಲ್ಲ.

ಅಲ್ಲಿದ್ದವರಿಗೆ ಎರಡು ಪೆಟ್ಟು ಒಟ್ಟಿಗೆ ಬಿತ್ತು. ಮೊದಲನೆಯದು ದುಡ್ಡು. ಕುವೈತಿ ದಿನಾರ್‌ಗೆ ಇರಾಕಿ ದಿನಾರ್‌ನಷ್ಟೇ ಬೆಲೆ ಎಂದು ಇರಾಕ್ ಘೋಷಿಸಿತು, ಆಮೇಲೆ ಅದನ್ನು ರದ್ದೇ ಮಾಡಿತು. ವರ್ಷಗಟ್ಟಲೆ ಕೂಡಿಟ್ಟದ್ದು ಬರೀ ಕಾಗದವಾಯಿತು. ಎರಡನೆಯದು ಪಾಸ್‌ಪೋರ್ಟ್. ಎಷ್ಟೋ ಕೆಲಸಗಾರರ ಪಾಸ್‌ಪೋರ್ಟ್ ಮಾಲೀಕರ ಬಳಿ ಇತ್ತು, ಮಾಲೀಕರು ದೇಶ ಬಿಟ್ಟು ಓಡಿದ್ದರು. ಅಂಥವರು ರಾಯಭಾರ ಕಚೇರಿಯಿಂದ ತುರ್ತು ಪ್ರಯಾಣ ಪತ್ರಕ್ಕೆ ಕಾಯಬೇಕಾಯಿತು.

ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ಭಾರತೀಯರಿಗೆ ಹೊರಡುವ ದಾರಿ ಸಿಕ್ಕಿತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಅಮ್ಮಾನ್. ಸಾವಿರ ಕಿಲೋಮೀಟರಿಗೂ ಹೆಚ್ಚು ಮರಳುಗಾಡು, ಗಡಿಯಲ್ಲಿ ಟೆಂಟ್ ವಾಸ, ನೀರಿಗೂ ಪರದಾಟ. ಏರ್ ಇಂಡಿಯಾ 59 ದಿನಗಳಲ್ಲಿ 488 ವಿಮಾನಗಳನ್ನು ಹಾರಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಬೊಂಬಾಯಿಯಲ್ಲಿ ಇಳಿದ ಕರಾವಳಿಯವರಿಗೆ ಮುಂದೆ ಬಸ್ಸೇ ಗತಿ, ಕೊಂಕಣ ರೈಲು ಇನ್ನೂ ಬಂದಿರಲಿಲ್ಲ.

'ಏರ್‌ಲಿಫ್ಟ್' ಸಿನಿಮಾದಲ್ಲಿ ಒಬ್ಬ ನಾಯಕ ಎಲ್ಲರನ್ನೂ ಕಾಪಾಡುತ್ತಾನೆ. ನಿಜದಲ್ಲಿ ಮಾತುಣ್ಣಿ ಮ್ಯಾಥ್ಯೂಸ್ ಅವರಂಥ ಹಲವರು ಸೇರಿ ಜನರನ್ನು ಒಂದೆಡೆ ಕೂಡಿಸಿ, ಊಟ ಹೊಂದಿಸಿ, ಬಸ್ಸು ಗೊತ್ತು ಮಾಡಿದರು. ಗುಂಪಿನ ಜೊತೆ ಇದ್ದವರಿಗೆ ದಾರಿ ಕಂಡಿತು.

ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಪರಿಹಾರ ಆಯೋಗ ಮಾಡಿತು. ಕುವೈತ್ ಬಿಟ್ಟು ಬರಬೇಕಾದ ಒಬ್ಬರಿಗೆ ಕನಿಷ್ಠ 2,500 ಡಾಲರ್. ಅದಕ್ಕೂ ತಾವು ಅಲ್ಲಿದ್ದೆವು ಎನ್ನುವುದಕ್ಕೆ ದಾಖಲೆ ಬೇಕಿತ್ತು. ಮತ್ತೆ ಕಾಗದದ ಪ್ರಶ್ನೆಯೇ.

ಇದೆಲ್ಲ ಹಳೇ ಕಥೆ ಅನ್ನಬೇಡಿ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಆಹಾರ ತರಲು ಹೊರಗೆ ಹೋಗಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡ. 2024ರ ಜುಲೈಯಲ್ಲಿ ಬಾಂಗ್ಲಾದೇಶದ ವಿದ್ಯಾರ್ಥಿ ಚಳವಳಿ ಹಿಂಸೆಗೆ ತಿರುಗಿದಾಗ ಸರ್ಕಾರ ಇಂಟರ್‌ನೆಟ್ ನಿಲ್ಲಿಸಿ ಕರ್ಫ್ಯೂ ಹಾಕಿತು. ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ವಾಟ್ಸಾಪ್ ಕೂಡ ನಿಂತಿತು. ಕುವೈತಿನಲ್ಲೇ 2022ರ ಜೂನ್‌ನಲ್ಲಿ ಪ್ರತಿಭಟನೆ ಮಾಡಿದ ವಿದೇಶಿಯರನ್ನು ಗಡೀಪಾರು ಮಾಡುವುದಾಗಿ ಅಲ್ಲಿನ ಸರ್ಕಾರ ಹೇಳಿತು.

ಹಾಗಾಗಿ ಹೊರದೇಶದಲ್ಲಿ ಇರುವವರಿಗೆ ಇಷ್ಟು ಹೇಳಿ:

ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಮಾಲೀಕರದ್ದಲ್ಲ. ಪಾಸ್‌ಪೋರ್ಟ್, ವೀಸಾ ಮತ್ತು ಕೆಲಸದ ಕರಾರಿನ ಜೆರಾಕ್ಸ್ ಊರಿನ ಮನೆಯಲ್ಲೂ ಇರಲಿ.

ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಅದರ ಸಹಾಯವಾಣಿ ನಂಬರನ್ನು ಕಾಗದದಲ್ಲೂ ಬರೆದಿಡಿ.

ನಾಲ್ಕು ದಿನಕ್ಕಾಗುವಷ್ಟು ಆಹಾರ, ನೀರು, ಔಷಧಿ, ಸ್ವಲ್ಪ ನಗದು ರೂಮಿನಲ್ಲಿರಲಿ.

ಗಲಾಟೆ ನೋಡಲು ಹೋಗಬೇಡಿ, ವಿಡಿಯೋ ಮಾಡಬೇಡಿ, ಫಾರ್ವರ್ಡ್ ಮಾಡಬೇಡಿ. ಹೊರಡುವುದಿದ್ದರೆ ರಾಯಭಾರ ಕಚೇರಿ ಹೇಳಿದ ದಾರಿಯಲ್ಲಿ, ಗುಂಪಿನಲ್ಲೇ ಹೊರಡಿ.

ಗಲ್ಫಿನಿಂದ ಫೋನ್ ಬಂದಾಗ ನಾವು ಮೊದಲು ಕೇಳುವುದು "ಊಟ ಆಯ್ತಾ?" ಅಂತ. ಇನ್ನು ಮುಂದೆ ಇದನ್ನೂ ಕೇಳಿ: "ನಿನ್ ಪಾಸ್‌ಪೋರ್ಟ್ ಯಾರ್ ಹತ್ರ ಇತ್ತ್?"