ಚೌತಿಯಿಂದ ದಸರೆಯವರೆಗೆ

ನಮ್ಮ ಶಾಲೆಯ ಹಿಂದಿನ ಬೋಳು ಗುಡ್ಡದಲ್ಲಿ ಗಿಡ ನೆಡಬೇಕೆಂದು ಮಳೆಗಾಲಕ್ಕೆ ಮುಂಚೆ ಸಭೆ ಸೇರಿತ್ತು. ಊರವರನ್ನು ಸೇರಿಸಿಕೊಳ್ಳುವುದು ಹೇಗೆಂದು ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಇತಿಹಾಸ ಕಲಿಸುವ ಅಕ್ಕೋರಿಗೆ ಬರೆಯುವುದು ಸುಲಭವೆಂದು ಎಲ್ಲರ ನಂಬಿಕೆ. ಬ್ಯಾನರು, ಉದ್ಘಾಟನೆ, ಅತಿಥಿಗಳ ಭಾಷಣ, ಚಹಾ ಎಂದು ನಾನೂ ಬರೆದುಕೊಂಡು ಹೋದೆ. ಕೆಲವು ವರ್ಷಗಳ ಹಿಂದೆ ಇದೇ ಗುಡ್ಡದಲ್ಲಿ ಹೀಗೆಯೇ ನೆಟ್ಟ ಗಿಡಗಳಲ್ಲಿ ಒಂದೂ ಉಳಿದಿಲ್ಲ. ದನ ತಿಂದವು ಎನ್ನುತ್ತೇವೆ. ದನ ಯಾರವು, ಅವು ಇನ್ನೆಲ್ಲಿ ಮೇಯಬೇಕಿತ್ತು ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ರಾತ್ರಿ ನೆನಪಾದದ್ದು ನಮ್ಮ ಶಿರಸಿ ಸೀಮೆಯದೇ ಕಥೆ, ಅಪ್ಪಿಕೋ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಸುತ್ತಿನ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದು ಹೋಗಿ, ಕೊಡಲಿಗೆ ಅಡ್ಡವಾಗಿ ಮರಗಳನ್ನು ತಬ್ಬಿ ನಿಂತರು. ನಾನಾಗ ಏಳನೆಯ ಇಯತ್ತೆಯ ಹುಡುಗಿ. ಪಾಠ ಮಾಡುವಾಗ ಈ ಒಂದು ವಾಕ್ಯ ಹೇಳಿ, ಹಿಮಾಲಯದ ಚಿಪ್ಕೋ ಚಳುವಳಿಯನ್ನೂ ಸುಂದರಲಾಲ ಬಹುಗುಣ, ಪಾಂಡುರಂಗ ಹೆಗಡೆಯವರ ಹೆಸರುಗಳನ್ನೂ ಹೇಳಿ ಮುಂದಿನ ಪುಟಕ್ಕೆ ಹೋಗುವುದು ನನ್ನ ರೂಢಿ. ಆ ಬೆಳಿಗ್ಗೆ ಜನ ಯಾಕೆ ಬಂದರೆಂಬುದನ್ನು ಮಕ್ಕಳಿಗೆ ಹೇಳಿದ್ದು ಕಡಿಮೆ.

ಬಂದದ್ದಕ್ಕೆ ಕಾರಣ ಕೊಟ್ಟಿಗೆಯಲ್ಲಿತ್ತು. ಅಡಿಕೆ ತೋಟಕ್ಕೆ ಸೊಪ್ಪು ಬೇಕು. ಸೊಪ್ಪು ದನದ ಕಾಲಡಿಯಲ್ಲಿ ಕೊಳೆತು ಗೊಬ್ಬರವಾಗಿ ತೋಟ ಸೇರಬೇಕು. ಬ್ರಿಟಿಷರ ಕಾಲದಿಂದಲೂ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇಲ್ಲಿ ನಡೆದು ಬಂದಿದೆ. ಬೆಟ್ಟದ ಮೇಲಿನ ಕಾಡೇ ಹಳ್ಳಕ್ಕೆ ನೀರಿನ ತಾಯಿ. ಸರಕಾರದ ಲೆಕ್ಕದಲ್ಲಾದರೋ ಕಾಡೆಂದರೆ ತೇಗ, ಪ್ಲೈವುಡ್ಡು, ಕಾಗದದ ಕಚ್ಚಾಮಾಲು. ಹಳೆಯ ಕಾಡನ್ನು ಸವರಿ ತೇಗ, ನೀಲಗಿರಿ ನೆಡಲಾಯಿತು. 1950ರ ಸುಮಾರಿಗೆ ಜಿಲ್ಲೆಯಲ್ಲಿ ಶೇಕಡಾ 81 ಇದ್ದ ಕಾಡು ಎಂಬತ್ತರ ದಶಕಕ್ಕೆ 25ರ ಆಸುಪಾಸಿಗೆ ಇಳಿಯಿತೆಂದು ಚಳುವಳಿಯವರು ಹೇಳುತ್ತಿದ್ದರು. ಅಳತೆಯ ಬಗೆಗೆ ವಾದವಿರಬಹುದು. ಆದರೆ ಹಳ್ಳ ಬೇಸಿಗೆಗೆ ಮುಂಚೆಯೇ ಬತ್ತುವುದನ್ನು ನಮ್ಮ ಆಯಿ ಯಾವ ಅಂಕಿಯೂ ಇಲ್ಲದೆ ಕಂಡಿದ್ದಳು.

ಹೀಗೆ ಮನೆಮನೆಯಲ್ಲಿದ್ದ ಸಂಕಟಕ್ಕೆ ಮಾತು ಕೊಟ್ಟದ್ದು ಕಾರ್ಯಕರ್ತರ ಜಾಣತನ. ಒಳನಾಡಿನ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಹೋದರು. ಸ್ಲೈಡು ತೋರಿಸಿದರು, ಬೀದಿ ನಾಟಕ ಆಡಿದರು, ಜನಪದ ಕುಣಿತ ಕಟ್ಟಿದರು. ಚಿಪ್ಕೋ ಎಂಬ ಹಿಂದಿಯ ಮಾತನ್ನು ಹಾಗೆಯೇ ತಂದು ಹೇರದೆ, ತಾಯಿ ಮಗುವಿಗೆ ಹೇಳುವಂಥ ‘ಅಪ್ಪಿಕೋ’ ಎಂದರು. ‘ಉಳಿಸು, ಬೆಳೆಸು, ಬಳಸು’ ಎಂಬ ಘೋಷಣೆಯಲ್ಲಿ ನನಗೆ ಇಷ್ಟವಾಗುವುದು ಮೂರನೆಯ ಮಾತು. ಕಾಡಿಗೆ ಕಾಲಿಡಬೇಡ ಎಂದಿದ್ದರೆ ಸೊಪ್ಪಿನ ಹೊರೆ ಹೊರುವ ಹೆಂಗಸು ಬರುತ್ತಿದ್ದಳೇ? ಕಟ್ಟಿಗೆ ಉಳಿಸುವ ಒಲೆಯ ಪ್ರಚಾರವೂ ಇದೇ ಚಳುವಳಿಯ ಭಾಗವಾಯಿತು. ಹೊಗೆ ಕುಡಿದವರಿಗೆ ಅದರ ಬೆಲೆ ಗೊತ್ತು.

ಮೂವತ್ತೆಂಟು ದಿನ ನಡೆಯಿತು. ಪಂಚಾಂಗ ಹಿಡಿದು ಎಣಿಸಿದೆ. ಚೌತಿಯ ಹೊಸ್ತಿಲಲ್ಲಿ ಹೊರಟದ್ದು ದಸರೆಯ ಹೊತ್ತಿಗೆ ಮುಟ್ಟಿತು. ನಡುವೆ ಎರಡು ಹಬ್ಬ, ಸುರಿವ ಮಳೆ, ಕಾಲಿಗೆ ಹತ್ತುವ ಉಂಬಳ. ಕಡಿಯಲು ಬಂದ ಕೂಲಿಕಾರರನ್ನು ಹೊಡೆದೋಡಿಸಲಿಲ್ಲ. ಅವರು ಕಾಡಿನ ದೇವರ ಮೇಲೆ ಆಣೆಯಿಟ್ಟು ಕೊಡಲಿ ಇಳಿಸಿದರು. ಕೊನೆಗೆ ಕಡಿತದ ಆದೇಶವನ್ನು ಸರಕಾರ ಹಿಂದಕ್ಕೆ ಪಡೆಯಿತು.

ತೋಟವಿಲ್ಲದವನಿಗೆ ಇದರಲ್ಲಿ ಏನಿತ್ತು ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಸೊಪ್ಪಿನ ಬೆಟ್ಟ ತೋಟಿಗರದು, ಅವರಲ್ಲಿ ಹೆಚ್ಚಿನವರು ನಮ್ಮ ಹವ್ಯಕರೇ. ಆದರೆ ಬಿದಿರಿನ ಬುಟ್ಟಿ, ಚಾಪೆ ಹೆಣೆದು ಬದುಕುವವರಿದ್ದ ಕಡೆಗಳಲ್ಲಿ, ಉರುಳುವ ಮರ ಬಿದಿರು ಮೆಳೆಯನ್ನೂ ನೆಲಕ್ಕೊರಗಿಸುವುದನ್ನು ಕಂಡ ಜನ ತಾವಾಗಿಯೇ ಮರ ಅಪ್ಪಿದರು. ಅಲ್ಲಿ ಅಡಿಕೆಯ ಮಾತೇ ಇರಲಿಲ್ಲ.

ಮರುದಿನ ಬರೆದ ಹಾಳೆಯನ್ನು ಮಡಚಿಟ್ಟು, ಶಾಲೆ ಬಿಟ್ಟ ಮೇಲೆ ಗುಡ್ಡದ ಕೆಳಗಿನ ಕೇರಿಗೆ ಹೋದೆ. ಹಿಂದಿನ ಸಲ ಅವರನ್ನು ಯಾರೂ ಕರೆದಿರಲಿಲ್ಲ. ಮೊದಲ ಮನೆಯ ಅಜ್ಜಿ ಚಾಪೆ ಹಾಸಿ, “ಬೇಲಿ ಹಾಕೂಕೆ ಬಂದ್ರಾ ಅಕ್ಕೋರೇ?” ಎಂದಳು. ಇಲ್ಲ, ಕೇಳಲು ಬಂದೆ ಎಂದೆ. ನಂಬಿದಂತೆ ಕಾಣಲಿಲ್ಲ. ಆದರೂ ದನ ಇಳಿಯುವ ದಾರಿ ಬಿಟ್ಟು ಎಲ್ಲೆಲ್ಲಿ ನೆಡಬಹುದೆಂದು ಕೈ ಮಾಡಿ ತೋರಿಸಿದಳು. ಅಕೇಶಿಯಾ ಬೇಡ, ಹಲಸು, ಮುರುಗಲು, ನೆಲ್ಲಿ ಇರಲಿ ಎಂದಳು. ಮುಂದಿನ ಸಭೆ ಅವಳ ಅಂಗಳದಲ್ಲಿ, ರಾತ್ರಿ ಎಂಟಕ್ಕೆ. ಕೇರಿಯವರು ಕೂಲಿಯಿಂದ ಬಂದು ಮಿಂದು ಉಣ್ಣುವಾಗ ಅಷ್ಟಾಗುತ್ತದಂತೆ.