ಅರಿಸಿನದ ಡಬ್ಬಿಯಿಂದ ಪ್ರಯೋಗಶಾಲೆಗೆ

ಅರಿಸಿನ ಕ್ಯಾನ್ಸರ್ ಗುಣಪಡಿಸುತ್ತದೆ ಎನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ದಿನವಿಡೀ ಡೇಟಾ ನೋಡುವುದೇ ನನ್ನ ಕೆಲಸವಾದ್ದರಿಂದ, ಈ ಮಾತಿನ ಮೂಲ ಹುಡುಕುತ್ತಾ ಹೋದೆ. ಕಥೆ ಬಹಳ ಹಿಂದಿನದು.

1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಎಂಬ ವಿಜ್ಞಾನಿಗಳು ಅರಿಸಿನದ ಹಳದಿ ಅಂಶವನ್ನು ಬೇರ್ಪಡಿಸಿದರು. ಅದೇ ಕರ್ಕ್ಯುಮಿನ್. ಅದರ ರಾಸಾಯನಿಕ ರಚನೆ ತಿಳಿದದ್ದು 1910ರಲ್ಲಿ.

1995 ನಮಗೆಲ್ಲ ನೆನಪಿರುವುದು ಪೇಟೆಂಟ್ ಜಗಳಕ್ಕಾಗಿ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು! ನಮ್ಮ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದುಪಡಿಸಿತು. ಅದೇ 1995ರಲ್ಲಿ ಇನ್ನೊಂದು ಘಟನೆ ಸದ್ದಿಲ್ಲದೆ ನಡೆಯಿತು. ಅಮೆರಿಕದಲ್ಲಿದ್ದ ಚಿಂತಲಪಲ್ಲಿ ರಾವ್, ಬಂಡಾರು ರೆಡ್ಡಿ ಮತ್ತು ಸಂಗಡಿಗರು ಇಲಿಗಳ ಆಹಾರದಲ್ಲಿ ಕರ್ಕ್ಯುಮಿನ್ ಬೆರೆಸಿದಾಗ ದೊಡ್ಡ ಕರುಳಿನ ಗಡ್ಡೆಗಳು ಕಡಿಮೆಯಾದವು ಎಂದು ಪ್ರಕಟಿಸಿದರು.

ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅದರ ಜೊತೆಗೆ ಕರಿಮೆಣಸಿನ ಪೈಪರಿನ್ ಕೊಟ್ಟು, ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚುವುದನ್ನು ತೋರಿಸಿದರು. (ನಮ್ಮ ಅಜ್ಜಿಯರು ಇದಕ್ಕೇ ಮೆಣಸು ಹಾಕುತ್ತಿದ್ದರು ಎಂದು ನಾನು ಹೇಳಲಾರೆ. ಅವರು ಹಾಕುತ್ತಿದ್ದುದು ರುಚಿಗೆ.) ರಕ್ತಕ್ಕೆ ಸೇರದೆ ಉಳಿದದ್ದು ಕರುಳಿನ ಮೂಲಕವೇ ಸಾಗಬೇಕಲ್ಲ? ದೊಡ್ಡ ಕರುಳಿನ ಮೇಲೆ ಇಷ್ಟು ಆಸೆ ಮೂಡಿದ್ದು ಅದಕ್ಕೇ. 2005ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ವೈದ್ಯರು ದಿನಕ್ಕೆ 3.6 ಗ್ರಾಂ ಸೇವಿಸಿದ ರೋಗಿಗಳ ಕರುಳಿನ ಅಂಗಾಂಶದಲ್ಲಿ ಕರ್ಕ್ಯುಮಿನ್ ಕಂಡರು.

ವಂಶದಲ್ಲೇ ಬರುವ ಒಂದು ಕಾಯಿಲೆಯಲ್ಲಿ ಚಿಕ್ಕ ವಯಸ್ಸಿಗೇ ಕರುಳಿನ ತುಂಬ ಪಾಲಿಪ್ ಎಂಬ ಗಂಟುಗಳು ಏಳುತ್ತವೆ. ಬಿಟ್ಟರೆ ಕ್ಯಾನ್ಸರ್. 2006ರಲ್ಲಿ ಅಂಥ 5 ರೋಗಿಗಳಿಗೆ ಕರ್ಕ್ಯುಮಿನ್ ಜೊತೆ ಕ್ವೆರ್ಸೆಟಿನ್ ಕೊಟ್ಟಾಗ ಗಂಟುಗಳು ಕಡಿಮೆಯಾದವು. ಎಲ್ಲೆಡೆ ಸಂಭ್ರಮ. ಆದರೆ 2018ರಲ್ಲಿ 44 ರೋಗಿಗಳ ಮೇಲೆ, ಕೆಲವರಿಗೆ ಹುಸಿಮಾತ್ರೆ ಕೊಟ್ಟು, ಒಂದು ವರ್ಷ ಸರಿಯಾಗಿ ಪರೀಕ್ಷಿಸಿದಾಗ ವ್ಯತ್ಯಾಸವೇ ಕಾಣಲಿಲ್ಲ. ಈ ನಡುವೆ ಕರ್ಕ್ಯುಮಿನ್ ಕುರಿತ ಹಲವು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು.

ಅವರು ಕೊಟ್ಟದ್ದು ದಿನಕ್ಕೆ 3 ಗ್ರಾಂ. ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಅಂದರೆ ದಿನಕ್ಕೆ 100 ಗ್ರಾಂ ಅರಿಸಿನ! ನಮ್ಮ ನಾಲ್ವರ ಮನೆಗೆ ಅಷ್ಟು ಪುಡಿ ಒಂದು ತಿಂಗಳಿಗಿಂತ ಹೆಚ್ಚು ಬರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ್ದು ನನ್ನ ದೊಡ್ಡಮ್ಮನ ಸಲುವಾಗಿ. ಮಲದಲ್ಲಿ ರಕ್ತ ಬಂದರೂ ಮೂಲವ್ಯಾಧಿ ಇರಬೇಕೆಂದು ಆರು ತಿಂಗಳು ಅರಿಸಿನದ ಹಾಲು ಕುಡಿದರು. ಯಾರ ಹತ್ತಿರವೂ ಹೇಳಲಿಲ್ಲ, ಹೇಳಲು ಸಂಕೋಚ. ಕೊನೆಗೆ ಕೊಲೊನೋಸ್ಕೋಪಿ, ಆಪರೇಷನ್ ಎಲ್ಲ ಆಯಿತು. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ, ಅಷ್ಟರೊಳಗೆ ಕಂಡರೆ ಅದೇ ಕೊಲೊನೋಸ್ಕೋಪಿಯಲ್ಲಿ ತೆಗೆದುಬಿಡಬಹುದು ಎಂದು ಡಾಕ್ಟರು ವಿವರಿಸಿದಾಗ ಅವರು ಕೇಳಿದ್ದು ಒಂದೇ: "ಮಕ್ಕಳಿಗೂ ಈ ಪರೀಕ್ಷೆ ಮಾಡಿಸಬೇಕಾ?" ಮಾಡಿಸಬೇಕಂತೆ. ಅಕ್ಕ ಮುಂದಿನ ವಾರ ಹೋಗುತ್ತಿದ್ದಾಳೆ.